ನವಿಲೇರಿ ಬಂದ ಹೊಸ ವರ್ಷ: ಕಾಂಬೋಡಿಯಾದ ಹಳ್ಳಿಯಲ್ಲಿ ಏಪ್ರಿಲ್

ಏಪ್ರಿಲ್ 12, 2024, ಶುಕ್ರವಾರ

ಬೆಳಿಗ್ಗೆ ಆರಕ್ಕೇ ರಾಜಧಾನಿ ಫ್ನೋಮ್ ಪೆನ್ ಖಾಲಿಯಾಗಲು ಶುರುವಾಗಿತ್ತು. ಒರುಸ್ಸೈ ಮಾರುಕಟ್ಟೆ ಹತ್ತಿರ ವ್ಯಾನುಗಳು ಸಾಲುಗಟ್ಟಿ ನಿಂತಿದ್ದವು. ಹದಿನೈದು ಜನ ಕೂರುವ ವ್ಯಾನಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ. ಹಿಂದಿನ ಬಾಗಿಲು ಮುಚ್ಚುವ ಹಾಗೇ ಇಲ್ಲ. ಅಲ್ಲಿ ಒಂದು ಬೈಕನ್ನು ಅಡ್ಡಕ್ಕೆ ಹಗ್ಗ ಹಾಕಿ ಬಿಗಿದಿದ್ದಾರೆ. ಬೈಕಿನ ಮೇಲೆ ಬಟ್ಟೆ ಗಂಟು, ಗಂಟಿನ ಮೇಲೆ ತಂಪು ಪಾನೀಯದ ಕೇಸು, ಅದರ ಮೇಲೆ ಬಣ್ಣದ ಪ್ಲಾಸ್ಟಿಕ್ಕಿನ ನಕ್ಷತ್ರದ ಗೂಡುದೀಪ.

ಹೊರಟವರಲ್ಲಿ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳೇ ತುಂಬಾ. 2024ರಲ್ಲಿ ಅವರ ಕನಿಷ್ಠ ಸಂಬಳ ತಿಂಗಳಿಗೆ 204 ಡಾಲರ್. ಅದರಲ್ಲಿ ರೂಮಿನ ಬಾಡಿಗೆ, ಊಟ ಕಳೆದು, ಊರಿಗೂ ಕಳಿಸಿ, ಮಿಕ್ಕಿದ್ದರಲ್ಲಿ ಅಪ್ಪನಿಗೆ ಅಂಗಿ, ಅಜ್ಜಿಗೆ ಉಡಲು ಸಂಪೋತ್, ತಮ್ಮನಿಗೆ ನೀರಿನ ಗನ್ನು. ಹಬ್ಬದ ವಾರ ವ್ಯಾನಿನವರು ರೇಟು ಏರಿಸುತ್ತಾರೆ. ಗೊಣಗಿಕೊಂಡಾದರೂ ಎಲ್ಲರೂ ಹೊರಡುತ್ತಾರೆ.

ನಾನು ಹೊರಟದ್ದು ಗೆಳತಿಯ ಮನೆಗೆ. ಭಾರತ ಸರ್ಕಾರದ ಐಟೆಕ್ ವಿದ್ಯಾರ್ಥಿವೇತನದಲ್ಲಿ ಅವಳು ಮೈಸೂರಿಗೆ ಓದಲು ಬಂದಿದ್ದಳು. ಆಗಿನಿಂದ ಪರಿಚಯ. ಖ್ಮೇರ್ (ಕಾಂಬೋಡಿಯಾದ ಜನ, ಭಾಷೆ ಎರಡಕ್ಕೂ ಇದೇ ಹೆಸರು) ರೂಢಿಯಂತೆ ನನ್ನನ್ನು 'ಬೊಂಗ್' ಅನ್ನುತ್ತಾಳೆ, ವಯಸ್ಸಲ್ಲಿ ದೊಡ್ಡವರನ್ನು ಅಕ್ಕ ಅಣ್ಣ ಅನ್ನುವ ಲೆಕ್ಕದಲ್ಲಿ. "ಅಂಗ್ಕೋರ್ ವಾಟ್ ನೋಡೋಕೆ ಯಾವಾಗ ಬೇಕಾದರೂ ಬನ್ನಿ ಬೊಂಗ್. ಅದು ಎಲ್ಲಿಗೂ ಹೋಗಲ್ಲ. ನಮ್ಮನ್ನ ನೋಡಬೇಕಾದರೆ ಏಪ್ರಿಲ್‌ನಲ್ಲಿ ಬನ್ನಿ" ಎಂದಿದ್ದಳು. ಆ ಮಾತು ನನಗೆ ನಾಟಿತ್ತು. ನಮ್ಮ ಕಡೆಯಿಂದ ಹೋದವರು ಕಾಂಬೋಡಿಯಾದ ಬಗ್ಗೆ ಎರಡೇ ವಿಷಯ ಬರೆಯುತ್ತಾರೆ: ಅಂಗ್ಕೋರ್ ದೇವಾಲಯಗಳು, ಇಲ್ಲವೇ ತಲೆಬುರುಡೆಗಳ ಸ್ಮಾರಕ. ನಡುವೆ ಬದುಕಿರುವ 1.7 ಕೋಟಿ ಜನ ಸಂಜೆ ಹೊತ್ತು ಏನು ನೋಡುತ್ತಾರೆ, ಯಾವ ಹಾಡಿಗೆ ಕುಣಿಯುತ್ತಾರೆ, ಯಾರ ಮಾತಿಗೆ ನಗುತ್ತಾರೆ ಅನ್ನುವುದು ನಮಗೆ ಗೊತ್ತೇ ಇಲ್ಲ ಅಲ್ವಾ?

ರಾಷ್ಟ್ರೀಯ ಹೆದ್ದಾರಿ 6ರಲ್ಲಿ ಉತ್ತರಕ್ಕೆ ಹೊರಟೆವು. ಸ್ಕುನ್ ಪೇಟೆಯಲ್ಲಿ ವ್ಯಾನು ನಿಂತಿತು. ಕರಿದ ಜೇಡಗಳಿಗೆ ಹೆಸರಾದ ಊರು ಅದು. ನಾನು ಕಬ್ಬಿನ ಹಾಲು ಕುಡಿದೆ. ದಾರಿಯುದ್ದಕ್ಕೂ ನನ್ನ ಕಣ್ಣು ಬಿದ್ದದ್ದು ಜನರ ಫೋನಿನ ಮೇಲೆ. ಯಾರೂ ಟೈಪ್ ಮಾಡುವುದಿಲ್ಲ. ಫೋನನ್ನು ಬಾಯಿ ಹತ್ತಿರ ಹಿಡಿದು ಟೆಲಿಗ್ರಾಮಿನಲ್ಲಿ ಮಾತನ್ನೇ ಕಳಿಸುತ್ತಾರೆ, ಬಂದ ಮಾತನ್ನು ಕಿವಿಗಿಟ್ಟು ಕೇಳುತ್ತಾರೆ. ಖ್ಮೇರ್ ಲಿಪಿಯಲ್ಲಿ 33 ವ್ಯಂಜನ, ಹೆಚ್ಚುಕಡಿಮೆ ಎಲ್ಲಕ್ಕೂ ಒತ್ತಕ್ಷರ, ಸ್ವರಚಿಹ್ನೆಗಳು ಬೇರೆ. ಪುಟ್ಟ ಕೀಲಿಮಣೆಯಲ್ಲಿ ಅವನ್ನೆಲ್ಲ ಹುಡುಕುವ ಹೊತ್ತಿಗೆ ಮಾತೇ ಮುಗಿದಿರುತ್ತದೆ. ಹಾಗಾಗಿ ಇಡೀ ವ್ಯಾನಿನಲ್ಲಿ "ಎಲ್ಲಿದ್ದೀಯ?", "ಊಟ ಆಯ್ತಾ?", "ಐಸು ತಾ" ಎಂಬ ದನಿಗಳು.

ಕಾಂಪೊಂಗ್ ಥೊಮ್ ಪಟ್ಟಣ ರಾಜಧಾನಿಯಿಂದ ಸುಮಾರು 165 ಕಿಲೋಮೀಟರ್. ಅಲ್ಲಿಂದ ಒಳಗೆ ಗೆಳತಿಯ ಹಳ್ಳಿ. ಸಂಜೆಯಾಗಿತ್ತು. ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ಜೋಕಾಲಿ, ಮಳೆನೀರಿನ ದೊಡ್ಡ ಹಂಡೆಗಳು. ಅಜ್ಜಿ ಎರಡೂ ಕೈ ಮುಗಿದರು. ಅವರನ್ನು ಎಲ್ಲರೂ 'ಯೇಯ್' ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಗೆಳತಿಯ ತಾಯಿ 'ಮಿಂಗ್', ಅಂದರೆ ಚಿಕ್ಕಮ್ಮ.

ಏಪ್ರಿಲ್ 13, ಶನಿವಾರ

ಹಬ್ಬದ ಹೆಸರು ಚೊಲ್ ಛ್ನಾಂ ಥ್ಮೈ. ಸೂರ್ಯ ಮೇಷ ರಾಶಿಗೆ ಬರುವ ಹೊತ್ತು. ತುಳುನಾಡಿನಲ್ಲಿ ಬಿಸು, ಕೇರಳದಲ್ಲಿ ವಿಷು, ಥಾಯ್ಲೆಂಡಿನಲ್ಲಿ ಸೊಂಗ್‌ಕ್ರಾನ್ ಆಚರಿಸುವುದೂ ಇದೇ ಲೆಕ್ಕದಲ್ಲಿ. ಮೊದಲ ದಿನ ಮೊಹಾ ಸಂಕ್ರಾನ್, ನಡುವಿನದು ವೀರಕ್ ವನಬತ್, ಕೊನೆಯದು ಲೋಂಗ್ ಸಕ್. ಸಾಮಾನ್ಯವಾಗಿ ಮೂರು ದಿನ. ಈ ಸಲ ನಾಲ್ಕು, ಯಾಕೆಂದರೆ ಹೊಸ ವರ್ಷ 13ರ ರಾತ್ರಿಯೇ ಬರುವುದಿತ್ತು.

ಬೆಳಿಗ್ಗೆ ಸಂತೆಗೆ ಹೋದೆವು. ಕಮಲದ ಮೊಗ್ಗು, ಊದುಬತ್ತಿ, ಬಾಳೆಗೊನೆ, ಸೀಬೆಹಣ್ಣು. ಹೂವಿನ ಅಜ್ಜಿಯ ಮುಂದೆಯೂ ಕ್ಯುಆರ್ ಕೋಡ್ ಹಾಳೆ. ಇಲ್ಲಿ ಡಾಲರೂ ನಡೆಯುತ್ತದೆ, ರಿಯೆಲ್ಲೂ ನಡೆಯುತ್ತದೆ. ಒಂದು ಡಾಲರಿಗೆ ಸುಮಾರು 4,000 ರಿಯೆಲ್. ಇಲ್ಲಿನ ಕೇಂದ್ರ ಬ್ಯಾಂಕು 2020ರಲ್ಲಿ 'ಬಾಕೋಂಗ್' ಎಂಬ ಪಾವತಿ ವ್ಯವಸ್ಥೆ ತಂದಿತು. ಆಮೇಲೆ ಯಾವ ಬ್ಯಾಂಕಿನವರಾದರೂ ಒಂದೇ ಕೋಡಿಗೆ ಹಣ ಹಾಕಬಹುದು. ಗುಡಿಯ ಕಾಣಿಕೆ ಡಬ್ಬಿಗೂ ಅದನ್ನೇ ಅಂಟಿಸಿದ್ದರು.

ಮಧ್ಯಾಹ್ನ ಮನೆ ಎದುರು ಮೇಜು ಇಟ್ಟು ಅಲಂಕಾರ. ಹಣ್ಣು, ಬಾಳೆ ಎಲೆ ಸುತ್ತಿ ಮಾಡಿದ ಬಾಯ್‌ಸೈ ಗೋಪುರಗಳು, ಮಲ್ಲಿಗೆ ತೇಲಿಬಿಟ್ಟ ನೀರು, ಐದು ಊದುಬತ್ತಿ, ತಂಪು ಪಾನೀಯದ ಕ್ಯಾನುಗಳು. ಮೇಲೆ ನಕ್ಷತ್ರದ ಗೂಡುದೀಪ, ಸುತ್ತ ಮಿಣುಕುವ ಎಲ್‌ಇಡಿ ಸರ. ಇದೆಲ್ಲ ಹೊಸ ವರ್ಷದ ದೇವತೆಯನ್ನು ಬರಮಾಡಿಕೊಳ್ಳಲು.

ಆ ದೇವತೆಯ ಕಥೆಯನ್ನು ಯೇಯ್ ಜೋಕಾಲಿಯಲ್ಲಿ ಕೂತು ಹೇಳಿದರು, ಗೆಳತಿ ನನಗೆ ತಿಳಿಸುತ್ತಾ ಹೋದಳು. ಥೊಮ್ಮಬಾಲ್ ಎಂಬ ಹುಡುಗ ಹಕ್ಕಿಗಳ ಭಾಷೆ ಬಲ್ಲವನು. ಅವನ ಜಾಣತನ ಕೇಳಿ ಕಬಿಲ್ ಮೊಹಾ ಪ್ರೋಮ್, ಅಂದರೆ ಕಪಿಲ ಮಹಾಬ್ರಹ್ಮ, ಕೆಳಗಿಳಿದು ಬಂದು ಒಗಟು ಹಾಕಿದ. ಮನುಷ್ಯನ ಸಿರಿ ಬೆಳಿಗ್ಗೆ ಎಲ್ಲಿರುತ್ತೆ, ಮಧ್ಯಾಹ್ನ ಎಲ್ಲಿ, ರಾತ್ರಿ ಎಲ್ಲಿ? ಏಳು ದಿನದಲ್ಲಿ ಹೇಳದಿದ್ದರೆ ಹುಡುಗನ ತಲೆ ಹೋಗುತ್ತೆ, ಹೇಳಿದರೆ ಬ್ರಹ್ಮನ ತಲೆ. ಹುಡುಗನಿಗೆ ಏನೂ ಹೊಳೆಯಲಿಲ್ಲ. ತಾಳೆಮರದ ಬುಡದಲ್ಲಿ ಬಿದ್ದುಕೊಂಡ. ಮರದ ಮೇಲೆ ಹದ್ದಿನ ಜೋಡಿ. "ನಾಳೆ ಊಟಕ್ಕೇನು?" ಎಂದಿತು ಹೆಣ್ಣು. "ಈ ಹುಡುಗನೇ. ಒಗಟು ಬಿಡಿಸೋಕೆ ಆಗದೆ ಸಾಯ್ತಾನೆ" ಎಂದಿತು ಗಂಡು. ಒಗಟು ಏನು, ಉತ್ತರ ಏನು ಅಂತ ಹೆಣ್ಣು ಬಿಡದೆ ಕೇಳಿತು. ಬೆಳಿಗ್ಗೆ ಸಿರಿ ಮುಖದಲ್ಲಿ, ಅದಕ್ಕೇ ಮುಖ ತೊಳೀತಾರೆ. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಎದೆಗೆ ನೀರು ಹಾಕ್ಕೋತಾರೆ. ರಾತ್ರಿ ಪಾದದಲ್ಲಿ, ಅದಕ್ಕೇ ಕಾಲು ತೊಳೆದು ಮಲಗ್ತಾರೆ. ಹುಡುಗ ಗೆದ್ದ.

ಬ್ರಹ್ಮ ಸೋತ. ಆದರೆ ಅವನ ತಲೆ ನೆಲಕ್ಕೆ ಬಿದ್ದರೆ ಲೋಕ ಸುಟ್ಟುಹೋಗುತ್ತೆ, ಆಕಾಶಕ್ಕೆ ಎಸೆದರೆ ಮಳೆ ನಿಲ್ಲುತ್ತೆ, ಕಡಲಿಗೆ ಹಾಕಿದರೆ ಕಡಲು ಬತ್ತುತ್ತೆ. ಹಾಗಾಗಿ ಅವನ ಏಳು ಹೆಣ್ಣುಮಕ್ಕಳು ಅದನ್ನು ತಟ್ಟೆಯಲ್ಲಿ ಹಿಡಿದು ಕೈಲಾಸದ ಗುಹೆಯಲ್ಲಿ ಇಟ್ಟರು. ವರ್ಷಕ್ಕೊಬ್ಬಳು ಅದನ್ನು ಹೊತ್ತು ಮೇರುವಿಗೆ ಪ್ರದಕ್ಷಿಣೆ ಬರುತ್ತಾಳೆ. ಹೊಸ ವರ್ಷ ಯಾವ ವಾರ ಬರುತ್ತದೋ ಆ ವಾರದ ಮಗಳ ಪಾಳಿ. 2024ರದ್ದು ಶನಿವಾರ, ಮೊಹೋಥರ ದೇವಿ. ಅವಳ ವಾಹನ ನವಿಲು.

ದೇವತೆ ಬರುವ ಗಳಿಗೆಯನ್ನು ಪಂಚಾಂಗದಲ್ಲಿ ನಿಮಿಷದ ಸಮೇತ ಹಾಕಿರುತ್ತಾರೆ. ಈ ಸಲ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ಒಂಬತ್ತಕ್ಕೇ ಇಡೀ ಮನೆ ಟಿವಿ ಮುಂದೆ. ಕಾಂಬೋಡಿಯಾದಲ್ಲಿ ಸರ್ಕಾರಿ ಟಿವಿಕೆ ಇದೆ, 2003ರಲ್ಲಿ ಶುರುವಾದ ಸಿಟಿಎನ್ ಇದೆ, ಬಾಯೋನ್ ಇದೆ, ಹಾಡಿನ ಸ್ಪರ್ಧೆಗಳಿಂದ ಮನೆಮಾತಾದ ಹಾಂಗ್ ಮಿಯಾಸ್ ಇದೆ. ವರ್ಷವಿಡೀ ಹುಡುಗರು ಎಲ್ಲವನ್ನೂ ಫೇಸ್‌ಬುಕ್ಕಿನ ತುಣುಕುಗಳಲ್ಲೇ ನೋಡುವವರು. ಈ ರಾತ್ರಿ ಮಾತ್ರ ಟಿವಿಯೇ ಬೇಕು.

ಪರದೆಯ ಮೇಲೆ ಚಿನ್ನದ ಕಿರೀಟ ತೊಟ್ಟ ಏಳು ಹೆಣ್ಣುಮಕ್ಕಳು. ಹಳೇ ವರ್ಷದ ದೇವತೆ ಬೀಳ್ಕೊಂಡಳು. ದೀಪದ ಗರಿಗಳ ನವಿಲಿನ ಮೇಲೆ ಹೊಸಬಳು ಬಂದಳು. ಮಕ್ಕಳು ಕೂಗಿಕೊಂಡರು. ಹಳ್ಳಿಯ ವಾಟ್‌ನಿಂದ, ಅಂದರೆ ಬೌದ್ಧ ಗುಡಿಯಿಂದ, ಡೋಲಿನ ಸದ್ದು ಕೇಳಿತು. ಮಿಂಗ್ ಊದುಬತ್ತಿ ಹಚ್ಚಿದರು. ಎಲ್ಲರೂ ಅಂಗಳಕ್ಕಿಳಿದು ಮೇಜಿನ ಮುಂದೆ ಚಾಪೆ ಮೇಲೆ ಕೂತು ಕೈ ಮುಗಿದರು. ಟಿವಿಯಲ್ಲಿ ಭಿಕ್ಷುಗಳ ಮಂತ್ರ, ಅಂಗಳದಲ್ಲಿ ಯೇಯ್ ಬಾಯಲ್ಲಿ ಅದೇ ಮಂತ್ರ. ಮರುಕ್ಷಣವೇ ಎಲ್ಲರ ಫೋನೂ ಬಡಿದುಕೊಳ್ಳಲು ಶುರು. "ಸುವೊಸ್ಡೈ ಛ್ನಾಂ ಥ್ಮೈ!" ಡ್ರ್ಯಾಗನ್ ವರ್ಷ ಬಂದಿತ್ತು.

ಮಲಗುವ ಮೊದಲು ಯೇಯ್ ನನ್ನನ್ನು ಹಂಡೆ ಹತ್ತಿರ ಕರೆದು ಚೊಂಬು ಕೊಟ್ಟರು. ಕಾಲು ತೋರಿಸಿದರು. ರಾತ್ರಿಯ ಸಿರಿ ಪಾದದಲ್ಲಿ.

ಏಪ್ರಿಲ್ 14, ಭಾನುವಾರ

ಬೆಳಿಗ್ಗೆ ಮಂಗಳೂರಿಗೆ ಫೋನ್ ಮಾಡಿದೆ. ಅಲ್ಲಿ ಇವತ್ತೇ ಬಿಸು. ಅಮ್ಮ ಕಣಿ ಇಟ್ಟು ಮುಗಿಸಿದ್ದರು. ವಿಡಿಯೋದಲ್ಲಿ ಯೇಯ್‌ಗೆ ಕಣಿಯ ಹರಿವಾಣ ತೋರಿಸಿದರು, ಯೇಯ್ ತಮ್ಮ ಮೇಜು ತೋರಿಸಿದರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು. ಬಾಳೆಹಣ್ಣು ತೋರಿಸಿ ತಲೆಯಾಡಿಸಿಕೊಂಡರು.

ಗುಡಿಗೆ ಊಟದ ಕ್ಯಾರಿಯರ್ ಹೊತ್ತು ಹೋದೆವು. ಅನ್ನ, ಮೀನಿನ ಸಾರು, ಬಾಳೆ ಎಲೆಯಲ್ಲಿ ಬೇಯಿಸಿದ ನೊಂ ಅನ್ಸೊಂ ಎಂಬ ಅಂಟಕ್ಕಿಯ ಕಡುಬು. ಭಿಕ್ಷುಗಳಿಗೆ ಬಡಿಸಿದ ಮೇಲೆ ನಮಗೂ ಅಲ್ಲೇ ಊಟ. ಅಂಗಳದಲ್ಲಿ ಮರಳಿನ ಗುಡ್ಡೆಗಳು: ನಡುವೆ ದೊಡ್ಡದು, ನಾಲ್ಕು ದಿಕ್ಕಿಗೆ ನಾಲ್ಕು ಚಿಕ್ಕವು. ಬಂದವರೆಲ್ಲ ಒಂದೊಂದು ಹಿಡಿ ಮರಳು ಹಾಕಿ, ನೀರು ಚಿಮುಕಿಸಿ, ಊದುಬತ್ತಿ ಸಿಕ್ಕಿಸುತ್ತಾರೆ.

ಮಧ್ಯಾಹ್ನ ಗಂಡಸರೆಲ್ಲ ಮನೆ ಕೆಳಗೆ ಟಿವಿಯಲ್ಲಿ ಕುನ್ ಖ್ಮೇರ್ ನೋಡುತ್ತಾ ಬಿದ್ದುಕೊಂಡಿದ್ದರು. ಮೊಣಕೈ, ಮೊಣಕಾಲು ಬಳಸುವ ಇಲ್ಲಿನ ಬಾಕ್ಸಿಂಗ್. ಅದರ ಜೊತೆ ಓಲಗದಂಥ ಸ್ರಲೈ ಮತ್ತು ಡೋಲು ಇರಲೇಬೇಕು. ಮೊದಲ ಸುತ್ತಿನಲ್ಲಿ ಸ್ರಲೈ ನಿಧಾನ, ಏಟುಗಳು ಜೋರಾದಂತೆ ಅದೂ ಜೋರು. 2023ರಲ್ಲಿ ಫ್ನೋಮ್ ಪೆನ್‌ನಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಈ ಆಟವನ್ನು ಇದೇ ಹೆಸರಲ್ಲಿ ಆಡಿಸಿದರು. ಮುಯ್ ಥಾಯ್ ತಮ್ಮದು ಎನ್ನುವ ಥಾಯ್ಲೆಂಡಿನವರು ಆ ಸ್ಪರ್ಧೆಗೆ ಬರಲಿಲ್ಲ. ಆ ಮಾತು ತೆಗೆದರೆ ಗೆಳತಿಯ ಚಿಕ್ಕಪ್ಪ ಇವತ್ತಿಗೂ ಎದ್ದು ಕೂರುತ್ತಾರೆ.

ಬಿಸಿಲು ಇಳಿದ ಮೇಲೆ ಆಟ. ಅಂಗ್ಕುನ್ ಎಂಬ ಕಾಡುಬಳ್ಳಿಯ ದೊಡ್ಡ ಬೀಜಗಳನ್ನು ನಿಲ್ಲಿಸಿ, ಎದುರು ಗುಂಪಿನವರು ಇನ್ನೊಂದು ಬೀಜ ಎಸೆದು ಉರುಳಿಸಬೇಕು. ಗೆದ್ದವರು ಎರಡು ಬೀಜ ಜೋಡಿಸಿ ಸೋತವರ ಮೊಣಕಾಲಿನ ಮೇಲೆ ಟಕ್ ಅಂತ ಬಡಿಯುತ್ತಾರೆ. ಚೆನ್ನಾಗಿಯೇ ನೋಯುತ್ತದೆ. ಛೂಂಗ್ ಆಟದಲ್ಲಿ ಕ್ರಮಾ ಎಂಬ ಚೌಕಳಿ ವಸ್ತ್ರವನ್ನು ಚೆಂಡಿನ ಹಾಗೆ ಸುತ್ತಿ ಎಸೆಯುತ್ತಾರೆ. ಒಂದು ಕಡೆ ಹುಡುಗರು, ಇನ್ನೊಂದು ಕಡೆ ಹುಡುಗಿಯರು, ಎಸೆಯುವಾಗ ಪದ ಹೇಳಬೇಕು, ಹಿಡಿದವರು ಉತ್ತರದ ಪದ ಹೇಳಬೇಕು. ಚಿಕ್ಕ ಮಕ್ಕಳು ವೃತ್ತದಲ್ಲಿ ಕೂತು, ಒಬ್ಬರು ಹಿಂದಿನಿಂದ ಓಡುತ್ತಾ ಬಟ್ಟೆ ಬೀಳಿಸುವ ಆಟ ಆಡುತ್ತಿದ್ದರು. ನಮ್ಮ 'ಟೋಪಿ ಬೇಕಾ ಟೋಪಿ' ಹೇಗೋ ಹಾಗೇ. ನನಗೆ ಯಾರೂ ನಿಯಮ ಹೇಳಿಕೊಡಬೇಕಾಗಲಿಲ್ಲ.

ಆಮೇಲೆ ಸ್ಪೀಕರ್ ಬಂತು. ಆಳೆತ್ತರದ ಕಪ್ಪು ಪೆಟ್ಟಿಗೆಗಳು, ಒಂದರ ಮೇಲೊಂದು. ಬೀದಿಯವರೆಲ್ಲ ದುಡ್ಡು ಹಾಕಿ ಬಾಡಿಗೆಗೆ ತಂದದ್ದು. ಪಕ್ಕದ ಬೀದಿಯವರದ್ದೂ ಒಂದು ಇತ್ತು. ಎದೆಯೊಳಗೇ ಡೋಲು ಬಾರಿಸಿದಂತಾಗುತ್ತಿತ್ತು.

ಅಂಗಳದ ನಡುವೆ ಒಂದು ಮೇಜು, ಅದರ ಮೇಲೆ ಹೂದಾನಿ. ಅದನ್ನು ಸುತ್ತುತ್ತಾ ಕುಣಿಯುವುದು ರಾಮ್ ವೊಂಗ್. ಹೆಜ್ಜೆ ಸುಲಭ, ಕೈ ಸುಲಭವಲ್ಲ. ಮಿಂಗ್ ನನ್ನ ಕೈ ಹಿಡಿದು ತೋರಿಸಿದರು. ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು, ಉಳಿದ ಮೂರು ಬೆರಳು ಹಿಂದಕ್ಕೆ ಬಾಗಬೇಕು, ಒಂದು ಕೈ ಅರಳುವಾಗ ಇನ್ನೊಂದು ಮುಚ್ಚಬೇಕು. ಎಪ್ಪತ್ತು ದಾಟಿದ ಯೇಯ್ ಬೆರಳುಗಳು ಮುಂಗೈ ಕಡೆಗೆ ಎಷ್ಟು ಬಾಗುತ್ತಿದ್ದವು ಎಂದರೆ ನಾನು ಕುಣಿಯುವುದು ಬಿಟ್ಟು ಅದನ್ನೇ ನೋಡಿದೆ. ರಾಮ್ ವೊಂಗ್ ಆದ ಮೇಲೆ ಸಾರವಾನ್, ಆಮೇಲೆ ಮ್ಯಾಡಿಸನ್. ಈ ಮ್ಯಾಡಿಸನ್ 1960ರ ದಶಕದಲ್ಲಿ ಪಶ್ಚಿಮದಿಂದ ಬಂದ ಸಾಲುಕುಣಿತ. ಹುಟ್ಟಿದ ಅಮೆರಿಕದಲ್ಲಿ ಅದನ್ನು ಹೆಚ್ಚಿನವರು ಮರೆತಿದ್ದಾರೆ. ಇಲ್ಲಿ ಅದಿಲ್ಲದೆ ಮದುವೆಯೂ ಇಲ್ಲ, ಹಬ್ಬವೂ ಇಲ್ಲ. 2015ರ ಹೊಸ ವರ್ಷದಲ್ಲಿ 2,015 ಜನ ಒಟ್ಟಿಗೆ ಮ್ಯಾಡಿಸನ್ ಕುಣಿದು ಗಿನ್ನೆಸ್ ದಾಖಲೆ ಮಾಡಿದರು.

ಆ ಸ್ಪೀಕರಿನಲ್ಲಿ ಬಂದ ಹಾಡುಗಳ ಬಗ್ಗೆ ಬರೆಯಲೇಬೇಕು. ಈ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವೇ. ಮೊದಲು ಬಂದದ್ದು ಸಿನ್ ಸಿಸಾಮೂತ್. 1960ರ ದಶಕದಲ್ಲಿ ಈ ದೇಶದಲ್ಲಿ ಹಾಡು ಅಂದರೆ ಅವರು. ನರ್ಸ್ ಕೆಲಸ ಕಲಿತು ಹಾಡಿಗೆ ಬಂದವರು. ಆಮೇಲೆ ರೋಸ್ ಸೆರೈ ಸೋಥಿಯಾ, ಪೆನ್ ರಾನ್. ಖ್ಮೇರ್ ರಾಗ, ಎಲೆಕ್ಟ್ರಿಕ್ ಗಿಟಾರು, ಲ್ಯಾಟಿನ್ ಕುಣಿತದ ತಾಳ, ಪಕ್ಕದ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನಿಕರ ರೇಡಿಯೋದಿಂದ ತೇಲಿ ಬಂದ ರಾಕ್, ಎಲ್ಲ ಸೇರಿ ಅವರು ಕಟ್ಟಿದ ಸಂಗೀತ ಇವತ್ತು ಕೇಳಿದರೂ ಹೊಸದು. ಈ ಮೂವರೂ 1975ರಿಂದ 79ರ ನಡುವೆ ಇಲ್ಲವಾದರು. ಪೊಲ್ ಪೊತ್ ನಾಯಕನಾಗಿದ್ದ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ಆಳಿದ ಕಾಲ ಅದು. 15ರಿಂದ 20 ಲಕ್ಷ ಜನ ಸತ್ತರು. ಹಾಡುಗಾರರು, ವಾದಕರು, ಸಿನಿಮಾದವರು ಹುಡುಕಿದರೂ ಸಿಗದ ಹಾಗಾದರು. ಉಳಿದದ್ದು ಯಾರೋ ಬಚ್ಚಿಟ್ಟ, ಯಾರೋ ಹೊರದೇಶಕ್ಕೆ ಒಯ್ದ ರೆಕಾರ್ಡು, ಕ್ಯಾಸೆಟ್ಟುಗಳು. ಅವುಗಳ ಪ್ರತಿಯ ಪ್ರತಿಯೇ ಈ ಅಂಗಳದಲ್ಲಿ ಕೇಳುತ್ತಿದ್ದುದು. ಹುಡುಗರು ಅದಕ್ಕೆ ಹೊಸ ಬೀಟ್ ಸೇರಿಸಿದ್ದರು, ಆದರೆ ದನಿ ಅದೇ.

ಅದಾದ ಮೇಲೆ ರ‍್ಯಾಪ್ ಬಂತು. ಕಡಲ ದಡದ ಊರು ಸಿಹಾನೂಕ್‌ವಿಲ್‌ನ ವಾನ್‌ಡಾ. 2021ರಲ್ಲಿ ಅವನು ಕೋಂಗ್ ನೈ ಎಂಬ ಕುರುಡ ಗಾಯಕರ ಜೊತೆ ಹಾಡಿದ. ಕೋಂಗ್ ನೈ ಅವರದ್ದು ಚಾಪೈ ಎಂಬ ಉದ್ದ ಕತ್ತಿನ, ಎರಡು ತಂತಿಯ ವಾದ್ಯ. ಯುನೆಸ್ಕೊ 2016ರಲ್ಲಿ ಅದನ್ನು ತುರ್ತಾಗಿ ಕಾಪಾಡಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ರ‍್ಯಾಪಿನ ನಡುವೆ ಮುದುಕರ ದನಿ, ಚಾಪೈ ತಂತಿಯ ಸದ್ದು ಬಂದ ಕೂಡಲೇ ಅಂಗಳದ ಹುಡುಗರೆಲ್ಲ ಬಾಯಿಪಾಠ ಹಾಡಿದರು. ಆ ಹಾಡನ್ನು ಯೂಟ್ಯೂಬಿನಲ್ಲಿ ಹತ್ತು ಕೋಟಿಗೂ ಹೆಚ್ಚು ಸಲ ನೋಡಿದ್ದಾರೆ. ಕೆಲ ವರ್ಷಗಳ ಹಿಂದಿನವರೆಗೂ ಇಲ್ಲಿನ ಪಾಪ್ ಅಂದರೆ ಥಾಯ್, ಚೀನೀ ಟ್ಯೂನಿಗೆ ಖ್ಮೇರ್ ಮಾತು ಸೇರಿಸುವುದೇ ಜಾಸ್ತಿ ಇತ್ತಂತೆ. "ನಮ್ಮದೇ ಟ್ಯೂನು ಬೇಕು" ಎಂದು ಹಟ ಹಿಡಿದದ್ದು ಗೆಳತಿಯ ತಲೆಮಾರು. ಆ ಹಟವನ್ನು ನಾನು ತುಂಬಾ ಮೆಚ್ಚುತ್ತೇನೆ. ನಾನು ಊರಿಗೆ ಮರಳಿದ ಮೇಲೆ, 2024ರ ಜೂನ್ ಕೊನೆಯಲ್ಲಿ ಕೋಂಗ್ ನೈ ತೀರಿಕೊಂಡರು. ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಸಮಾರೋಪದ ವೇದಿಕೆ ಮೇಲೆ ವಾನ್‌ಡಾ ನಿಂತಿದ್ದ. ಈ ಅಂಗಳ ಆಗ ಹೇಗೆ ಕುಣಿದಿರಬಹುದು!

ಏಪ್ರಿಲ್ 15, ಸೋಮವಾರ

ಪಿಕಪ್ಪಿನ ಹಿಂದೆ ಹತ್ತಿ ಸಿಯೆಮ್ ರೀಪ್‌ಗೆ ಹೋದೆವು. 2013ರಿಂದ ಅಲ್ಲಿ 'ಅಂಗ್ಕೋರ್ ಸಂಕ್ರಾಂತ' ಅನ್ನುವ ದೊಡ್ಡ ಹಬ್ಬ ನಡೆಯುತ್ತಿದೆ. 2015ರಲ್ಲಿ ಅಲ್ಲಿ 4,040 ಕಿಲೋ ತೂಕದ ನೊಂ ಅನ್ಸೊಂ ಮಾಡಿದ್ದರು, ಅದೂ ಗಿನ್ನೆಸ್ ದಾಖಲೆ. ನಾವು ಹೋದಾಗ ಬೀದಿ ತುಂಬಾ ನೀರಿನ ಗನ್ನು ಹಿಡಿದ ಜನ. ಕೆನ್ನೆಗೆ ಪೌಡರ್ ಹಚ್ಚಲು ಬರುವ ಹುಡುಗಿಯರು ಮೊದಲು ಕೈ ಮುಗಿಯುತ್ತಾರೆ, ಆಮೇಲೆ ಹಚ್ಚುತ್ತಾರೆ. ಸುಡುವ ಬಿಸಿಲಿಗೆ ಆ ನೀರು ಹಿತವಾಗಿತ್ತು. ಗದ್ದಲ ನನಗೆ ಬೇಗ ಸಾಕಾಯಿತು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮನಸ್ಸಿನಲ್ಲಿ ಉಳಿದದ್ದು ತ್ರೊಟ್ ಕುಣಿತ. ಬೇಟೆಗಾರರ ಗುಂಪೊಂದು ಜಿಂಕೆಯನ್ನು ಅಟ್ಟಿಸಿಕೊಂಡು ಬರುವ ಆಟ. ಕೋಡಿನ ತಲೆ ಹಿಡಿದ ಜಿಂಕೆ ವೇಷದವನು, ಬಿಲ್ಲು ಹಿಡಿದವರು, ನವಿಲುಗರಿ ಕಟ್ಟಿಕೊಂಡವರು, ಉದ್ದ ಉಗುರು ಸಿಕ್ಕಿಸಿಕೊಂಡ ಹುಡುಗಿಯರು, ಹೆದರಿಸುವ ಮುಖವಾಡದವರು. ಬಿದಿರು ಗಳುವಿಗೆ ಕಾಯಿಗಳನ್ನು ಕಟ್ಟಿ ನೆಲಕ್ಕೆ ಕುಟ್ಟಿದರೆ ಝಲ್ ಝಲ್ ಸದ್ದು. ಹಳೇ ವರ್ಷದ ಕೇಡನ್ನು ಓಡಿಸುವ ಕುಣಿತವಂತೆ. ದೊಡ್ಡ ವೇದಿಕೆಯ ಮೇಲೂ ಒಂದು ತಂಡ ಇತ್ತು. ನಾನು ನೋಡುತ್ತಾ ನಿಂತದ್ದು ಊರಾಚೆಯ ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದ ತಂಡವನ್ನು. ಜಿಂಕೆ ವೇಷದ ಹುಡುಗ ಒಂದು ಮನೆಯ ಜಗುಲಿ ಮುಂದೆ ಸತ್ತು ಬಿದ್ದ. ಮನೆಯಾಕೆ ಒಳಗಿನಿಂದ ನೋಟು ತಂದಿಟ್ಟಳು. ಅವನು ಏಳಲೇ ಇಲ್ಲ. ಮಕ್ಕಳು ಕಿಲಕಿಲ ನಕ್ಕವು. ಆಕೆ ಇನ್ನೊಂದು ನೋಟು ಇಟ್ಟಳು, ಜಿಂಕೆ ಚಂಗನೆ ಎದ್ದಿತು.

ಏಪ್ರಿಲ್ 16, ಮಂಗಳವಾರ

ಕೊನೆಯ ದಿನ ಮೀಯುವ ದಿನ. ಬೆಳಿಗ್ಗೆ ಗುಡಿಯಲ್ಲಿ ಬುದ್ಧನಿಗೆ ಪರಿಮಳದ ನೀರು. ಆಮೇಲೆ ಮನೆಯಲ್ಲಿ ಯೇಯ್‌ಗೆ.

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಯೇಯ್ ಎದೆಯವರೆಗೆ ಸರೋಂಗ್ ಕಟ್ಟಿಕೊಂಡು ಕೂತರು. ಹಿತ್ತಾಳೆ ಬೋಗುಣಿಯಲ್ಲಿ ಮಲ್ಲಿಗೆ ನೀರು. ಮೊದಲು ಹಿರಿಯ ಮಗಳು, ಆಮೇಲೆ ಅಳಿಯ, ಆಮೇಲೆ ಮೊಮ್ಮಕ್ಕಳು. ಪ್ರತಿಯೊಬ್ಬರೂ ಮಂಡಿಯೂರಿ ಕೈ ಮುಗಿದು, ವರ್ಷದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಕೇಳಿ, ಭುಜದ ಮೇಲೆ ನಿಧಾನವಾಗಿ ನೀರು ಬಿಡುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವ ಸೋದರ ಸೊಸೆ ಬೆನ್ನು ಉಜ್ಜಿದಳು. ಯೇಯ್ ಕಣ್ಣು ಮುಚ್ಚಿ ಎಲ್ಲರ ತಲೆ ಮುಟ್ಟುತ್ತಾ ಹರಸಿದರು. ನನ್ನನ್ನೂ 'ಚೌ' ಎಂದು ಕರೆದರು. ಮೊಮ್ಮಕ್ಕಳನ್ನು ಕರೆಯುವ ಹಾಗೆ. ನಾನೂ ನೀರು ಬಿಟ್ಟೆ. ಕೊನೆಗೆ ಹೊಸ ಸಂಪೋತ್ ಉಡಿಸಿದರು.

ಊಟಕ್ಕೆ ನೊಂ ಬಾಂಚೊಕ್: ಅಕ್ಕಿ ಶ್ಯಾವಿಗೆ, ಮೇಲೆ ನಿಂಬೆಹುಲ್ಲು ಅರೆದ ಹಸಿರು ಮೀನಿನ ಸಾರು, ಬಾಳೆಹೂವು, ಹಸಿ ಸೊಪ್ಪು. ಊಟ ಆದ ಮೇಲೆ ಯೇಯ್ ತಾವಾಗಿಯೇ ಮಾತು ತೆಗೆದರು. 'ಪೊಲ್ ಪೊತ್ ಕಾಲ' ಅಂತಲೇ ಇಲ್ಲಿ ಎಲ್ಲರೂ ಹೇಳುವುದು. ಪೊಲ್ ಪೊತ್ ಹುಟ್ಟಿದ್ದೂ ಇದೇ ಕಾಂಪೊಂಗ್ ಥೊಮ್ ಪ್ರಾಂತ್ಯದಲ್ಲಿ. "ಆಗ ಹೊಸ ವರ್ಷ ಇರಲಿಲ್ಲ. ಗುಡಿ ಇರಲಿಲ್ಲ. ಸ್ಪೀಕರ್ ಇತ್ತು. ಗದ್ದೆ ಬದುವಿನಲ್ಲಿ ಕಂಬಕ್ಕೆ ಕಟ್ಟಿರೋರು. ಬರೀ ಅವರ ಹಾಡು. ನಮ್ಮ ಹಾಡು ಬಾಯಲ್ಲಿ ಬಂದ್ರೆ ಮುಗೀತು. ನಾನು ನಾಟಿ ಮಾಡ್ತಾ ತುಟಿ ಮುಚ್ಚಿ ಹಾಡ್ಕೊತಿದ್ದೆ, ಹೊಟ್ಟೆಯೊಳಗೆ."

ಯಾವ ಹಾಡು ಅಂತ ಗೆಳತಿ ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ಕೇಳಿರಲೇ ಇಲ್ಲವಂತೆ. ಯೇಯ್ ಎಲೆ ಅಡಿಕೆ ಬದಿಗಿಟ್ಟು ಹಾಡಿದರು. ನಾಲ್ಕು ಸಾಲು ಬಂತು, ಐದನೆಯದು ಮರೆತಿತ್ತು. ಕುಣಿತದ ಹಾಡು, ತುಂಟ ಧಾಟಿ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಗೆಳತಿಯ ತಮ್ಮ ಫೋನಿನಲ್ಲಿ ಹಿಡಿದುಕೊಂಡು ನೆಂಟರ ಗುಂಪಿಗೆಲ್ಲ ಕಳಿಸಿದ. ಸಂಜೆ ಮತ್ತೆ ಸ್ಪೀಕರ್ ಹಚ್ಚಿದರು. ಈ ಸಲ ಅದರ ಸದ್ದು ಜಾಸ್ತಿ ಅಂತ ನನಗೆ ಅನಿಸಲಿಲ್ಲ.

ಏಪ್ರಿಲ್ 17, ಬುಧವಾರ

ವ್ಯಾನು ಮತ್ತೆ ತುಂಬಿತ್ತು. ಹೋಗುವಾಗ ಬೈಕಿನ ಮೇಲೆ ಇದ್ದ ತಂಪು ಪಾನೀಯದ ಜಾಗದಲ್ಲಿ ಈಗ ಮಾವಿನಕಾಯಿ ಚೀಲ, ಅಕ್ಕಿ, ಪ್ರಹೊಕ್ ಎಂಬ ಹುಳಿಸಿದ ಮೀನಿನ ಡಬ್ಬಿ. ಹೆದ್ದಾರಿ 6ರಲ್ಲಿ ವಾಹನಗಳು ಇಂಚಿಂಚು ಸರಿಯುತ್ತಿದ್ದವು.

ಈ ತಾರೀಕನ್ನು ಇಲ್ಲಿ ಯಾರೂ ಮರೆಯುವುದಿಲ್ಲ. 1975ರಲ್ಲಿ ಹೊಸ ವರ್ಷದ ಹಬ್ಬ ಆಗಷ್ಟೇ ಮುಗಿದಿತ್ತು. ಏಪ್ರಿಲ್ 17ರ ಬೆಳಿಗ್ಗೆ ಖ್ಮೇರ್ ರೂಜ್ ಪಡೆ ಫ್ನೋಮ್ ಪೆನ್‌ಗೆ ನುಗ್ಗಿತು. ನಿರಾಶ್ರಿತರೂ ಸೇರಿ ಸುಮಾರು 20 ಲಕ್ಷ ಜನ ಇದ್ದ ಊರನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದವರನ್ನೂ ಬಿಡಲಿಲ್ಲ. ಎಲ್ಲ ಹೆದ್ದಾರಿಗಳಲ್ಲೂ ಜನ ನಡೆದೇ ಹೋದರು, ಈ ಹೆದ್ದಾರಿಯಲ್ಲೂ. ಗೆಳತಿ ಅದನ್ನು ಹೇಳಿ ಸುಮ್ಮನಾದಳು. ಅದೇ ತಾರೀಕಿನಂದು ಅದೇ ರಸ್ತೆಯಲ್ಲಿ ಇಷ್ಟು ಜನ ನಗುತ್ತಾ, ನಿದ್ದೆ ಮಾಡುತ್ತಾ, ಮಾವಿನಕಾಯಿ ಕಚ್ಚುತ್ತಾ ಆ ಊರಿಗೆ ವಾಪಸು ಹೋಗುತ್ತಿದ್ದರು.

ಸ್ಕುನ್ ದಾಟಿದ ಮೇಲೆ ಅವಳ ಫೋನಿಗೆ ದನಿ ಬಂತು. ಅಮೆರಿಕದ ಲಾಂಗ್ ಬೀಚ್‌ನಲ್ಲಿರುವ ದೊಡ್ಡಪ್ಪನದ್ದು. ಆ ಊರಿನಲ್ಲಿ ಖ್ಮೇರ್ ಜನರದ್ದೇ ದೊಡ್ಡ ಬಡಾವಣೆ ಇದೆ. "ಅದು ಪೆನ್ ರಾನ್ ಹಾಡಿದ್ದು ಕಣೇ, ನನ್ನ ಹತ್ರ ಕ್ಯಾಸೆಟ್ ಇತ್ತು" ಎಂದರು. ಗೆಳತಿ ಯೇಯ್ ಹಾಡಿದ್ದನ್ನು ಮತ್ತೆ ಜೋರಾಗಿ ಹಾಕಿದಳು. ಹಿಂದಿನ ಸೀಟಿನ ಒಬ್ಬ ಹೆಂಗಸು ತಲೆ ಎತ್ತಿ, "ಪೆನ್ ರಾನ್ ಅಲ್ಲ, ಸೋಥಿಯಾ" ಎಂದರು. ಅವರ ಗಂಡ, "ಇಲ್ಲ, ಫೋನಿನವರು ಹೇಳಿದ್ದೇ ಸರಿ, ಸೋಥಿಯಾ ದನಿಗೆ ಈ ತುಂಟತನ ಇಲ್ಲ" ಎಂದು ದೊಡ್ಡಪ್ಪನ ಕಡೆ ಸೇರಿದ. ಕಿಟಕಿ ಹತ್ತಿರದ ಹುಡುಗ ಯೂಟ್ಯೂಬಿನಲ್ಲಿ ಹುಡುಕತೊಡಗಿದ. ಅಷ್ಟರಲ್ಲಿ ಆ ಹೆಂಗಸು ಯೇಯ್‌ಗೆ ಮರೆತುಹೋಗಿದ್ದ ಐದನೇ ಸಾಲನ್ನು ಹಾಡಿಯೇ ಬಿಟ್ಟರು. ಆರನೆಯದನ್ನೂ ಹಾಡಿದರು. ಚ್ರೋಯ್ ಚಂಗ್ವಾರ್ ಸೇತುವೆ ಹತ್ತಿ ಫ್ನೋಮ್ ಪೆನ್ ಕಾಣುವ ಹೊತ್ತಿಗೂ ವಾದ ಮುಗಿದಿರಲಿಲ್ಲ. ಡ್ರೈವರ್ ಹಿಂದಕ್ಕೆ ತಿರುಗದೆಯೇ ಕೇಳಿದ: "ಬೊಂಗ್, ಪೂರ್ತಿ ಹಾಡು ಸಿಕ್ಕರೆ ನನಗೂ ಕಳಿಸಿ. ನಾಳೆ ಬೆಳಿಗ್ಗೆ ಇನ್ನೊಂದು ಟ್ರಿಪ್ ಇದೆ."